ಹಳದಿ ಗೆರೆ

ಹುಲಿಕಲ್ ಘಾಟಿ ಹತ್ತಿ ಬಂದ ಗಾಡಿ,
ಗಂಗೊಳ್ಳಿಯ ಬಂಗುಡೆ, ಹದಿನೆಂಟು ಕ್ರೇಟು,
ಹೊಸನಗರದ ನನ್ನ ಶೆಡ್ಡಿನ ಮುಂದೆ ನಿಂತಾಗ
ಬೆಳಗಿನ ನಾಲ್ಕೂ ಮುಕ್ಕಾಲು.
ಎಡಗಡೆಯ ಮುಂದಿನ ಗಾಲಿ ಸೊಟ್ಟಗೆ,
ಉಂಗುಷ್ಟ ಕಿತ್ತ ಚಪ್ಪಲಿಯ ಹಾಗೆ.

"ತಿರುವಲ್ಲಿ ಟಕ್ ಅಂತು ಮೇಸ್ತ್ರಿ, ಆಮೇಲೆ
ಸ್ಟೇರಿಂಗು ನನ್ನ ಮಾತು ಕೇಳಲಿಲ್ಲ" ಅಂದ ಹಸನಬ್ಬ.
ಏಳರೊಳಗೆ ಶಿವಮೊಗ್ಗ ಮುಟ್ಟಬೇಕಂತೆ.
ಮುಟ್ಟುವುದಿಲ್ಲ ಅಂತ ಅವನಿಗೂ ಗೊತ್ತು,
ಕ್ರೇಟಿನಿಂದ ತೊಟ್ಟಿಕ್ಕುವ ಐಸಿಗೂ ಗೊತ್ತು.
ಮೊದಲು ಚಾ ಕುಡಿ ಅಂದೆ.

ಜಾಕು ಕೊಟ್ಟು, ಮರದ ದಿಮ್ಮಿ ಕೊಟ್ಟು,
ಹಿಂದಿನ ಗಾಲಿಗೆ ಕಲ್ಲು ಕೊಟ್ಟು
ಗೋಣಿ ಹಾಸಿಕೊಂಡು ಅಡಿಗೆ ಸರಿದೆ.
ಷಣ್ಮುಖ ಟಾರ್ಚು ಹಿಡಿದ. ಚಳಿಗೆ ಅವನ ಕೈ ನಡುಗಿ
ಒಮ್ಮೆ ಆರ್ಮು, ಒಮ್ಮೆ ಬರೀ ಕತ್ತಲು.
ಕೆಳ ಆರ್ಮಿಗೆ ಎರಡು ಬೋಲ್ಟು:
ಒಂದಕ್ಕೆ ತಲೆಯೇ ಇಲ್ಲ,
ಇನ್ನೊಂದು ಬುಷ್ಷಿನೊಳಗೆ ತುಕ್ಕಿನ ಜೊತೆ ಸಂಸಾರ ಹೂಡಿದೆ.

ಟಾರ್ಚು ಒಂದು ಕಡೆ ನಿಂತಿತು.
ನಟ್ಟಿನಿಂದ ಆರ್ಮಿನ ಮೇಲಕ್ಕೆ
ಒಂದು ಹಳದಿ ಗೆರೆ.
ಉಗುರಿನಲ್ಲಿ ಕೆಸರು ಕೆರೆದೆ.
ಬಿಗಿದ ನಟ್ಟಿಗೆ ಹೀಗೆ ಪೇಂಟಿನ ಗೆರೆ ಎಳೆಯುವವನು
ಈ ತಾಲ್ಲೂಕಿನಲ್ಲಿ
ನಾನೊಬ್ಬನೇ.

ಆಗ ಗಾಡಿ ನೀಲಿ. ಬಾಗಿಲಿನ ಬಿಳಿ ಕೆರೆದರೆ ಈಗಲೂ ಸಿಗುತ್ತದೆ.
ಶಿರಾಳಕೊಪ್ಪದ ಶುಂಠಿ ಸಾಹುಕಾರ,
ಹೆಸರು ಮರೆತೆ, ಚೌಕಾಸಿ ಮರೆತಿಲ್ಲ.
ಆವತ್ತು ನನ್ನ ಹತ್ತಿರ ಎರಡು ಥರದ ಬೋಲ್ಟಿದ್ದವು,
ತಲೆಯ ಮೇಲೆ ನಂಬರು ಕೆತ್ತಿದ್ದು, ಬೋಳು ತಲೆಯದ್ದು.
ನಡುವೆ ಮೂವತ್ತೈದು ರೂಪಾಯಿ.
ಬೋಳು ತಲೆಯದ್ದು ಹಾಕಿದೆ.
ಬಿಗಿದದ್ದು ಮಾತ್ರ ಚೆನ್ನಾಗಿಯೇ ಬಿಗಿದೆ.
ಹನ್ನೊಂದು ವರ್ಷ! ಗೆರೆ ಕೂದಲೆಳೆಯಷ್ಟೂ ಕದಲಿಲ್ಲ.
ನಟ್ಟು ಇದ್ದಲ್ಲೇ ಇದೆ,
ಒಳಗೆ ಬೋಲ್ಟು ಹೋಗಿದೆ.

ಡೀಸೆಲ್ಲು ಸುರಿದೆ, ಬ್ರೇಕ್ ಆಯಿಲ್ ಸುರಿದೆ,
ಗ್ಯಾಸಿನ ಬೆಂಕಿ ತೋರಿಸಿದೆ.
ಬುಷ್ಷಿನ ರಬ್ಬರು ಸುಟ್ಟ ನಾತಕ್ಕೆ
ಮೀನಿನ ಮೇಲೆ ಕಣ್ಣಿಟ್ಟ ಬೆಕ್ಕೂ ಎದ್ದು ಹೋಯಿತು.
ಪಂಚಿಟ್ಟು ಹೊಡೆದೆ. ಹೊಡೆದೆ. ಷಣ್ಮುಖ ಹೊಡೆದ.
ಚಾ ಮುಗಿಸಿ ಬಂದು ಹಸನಬ್ಬನೂ ಹೊಡೆದ.
ಎಷ್ಟನೆಯ ಏಟಿಗೋ, ಸದ್ದು ಬದಲಾಯಿತು.

ಅಂಗೈಯಲ್ಲಿ ತುಂಡು.
ಮುರಿದ ಮುಖ ಮುಕ್ಕಾಲು ಕಪ್ಪು, ಕಾಲು ಭಾಗ ಫಳಫಳ.
ಕಪ್ಪು ಯಾವತ್ತೋ ಮುರಿದದ್ದು.
ಬೆಳ್ಳಗಿನ ಕಾಲು ಭಾಗವೇ ಇಷ್ಟು ದಿನ
ಕಡಲಿಂದ ಘಟ್ಟಕ್ಕೆ ಬಂಗುಡೆ ಹೊತ್ತದ್ದು.

"ಯಾವ ಪುಣ್ಯಾತ್ಮ ಹಾಕಿದ್ದು ಮೇಸ್ತ್ರಿ ಇದನ್ನ?"
ನಮ್ಮ ಕಸುಬಿನಲ್ಲಿ ಇದಕ್ಕೆ ಉತ್ತರ ಸಿದ್ಧ ಇರುತ್ತದೆ:
ಹಿಂದೆ ಕೈ ಹಾಕಿದವನು ಹಾಳು ಮಾಡಿದ್ದಾನೆ.
ನಾನೂ ದಿನಾ ಹೇಳುತ್ತೇನೆ.
"ನಾನೇ" ಅಂದೆ.
ಹಸನಬ್ಬ ಹೊಟ್ಟೆ ಹಿಡಿದುಕೊಂಡು ನಕ್ಕ.
ಷಣ್ಮುಖ ನಗಲಿಲ್ಲ. ಅವನು ಗೆರೆ ನೋಡಿದ್ದ.

ಹೊಸ ಬುಷ್ಷು, ಹೊಸ ಬೋಲ್ಟು,
ತಲೆಯ ಮೇಲೆ ಹತ್ತು ಪಾಯಿಂಟ್ ಒಂಬತ್ತು.
ಗಾಳಿಯಲ್ಲಿ ತೂಗುವಾಗ ಬಿಗಿಯಬೇಡ ಮಾರಾಯ,
ಗಾಲಿ ಹಾಕು, ಜಾಕು ಇಳಿಸು,
ಗಾಡಿ ತನ್ನ ಭಾರಕ್ಕೆ ತಾನು ಕೂರಲಿ,
ಇಲ್ಲದಿದ್ದರೆ ರಬ್ಬರು ತಿರುಚಿಕೊಂಡೇ ಸಾಯುತ್ತದೆ.
ಷಣ್ಮುಖ ಬಿಗಿದ. ನಾನು ಒಮ್ಮೆ ಎಳೆದು ನೋಡಿದೆ.
ಪೇಂಟಿನ ಡಬ್ಬಿ ತಂದು ಎದುರಿಗಿಟ್ಟ.
ನೀನೇ ಎಳಿ ಅಂದೆ.

ಸಾಮಾನಿಗೆ ದುಡ್ಡು ತಗೊಂಡೆ, ಕೂಲಿ ಬೇಡ ಅಂದೆ.
ಯಾಕೆ ಅಂತ ಕೇಳದೆ ಅವನು ಆರು ಬಂಗುಡೆ
ಪೇಪರಿನಲ್ಲಿ ಸುತ್ತಿ ಬೆಂಚಿನ ಮೇಲಿಟ್ಟು
ಒಂಬತ್ತೂವರೆಗೆ ಹೊರಟ.

ಹಳೆಯ ಬೋಲ್ಟಿನ ಪ್ಯಾಕೆಟ್ಟು ಹುಡುಕಿ ಮೇಜಿನ ಮೇಲೆ ಸುರಿದೆ.
ಹನ್ನೆರಡರ ಪ್ಯಾಕೆಟ್ಟು.
ಬೋಳು ತಲೆಗಳು ಏಳು.
ಹಸನಬ್ಬನ ಗಾಡಿಯದು ಎರಡು.
ಇನ್ನು ಮೂರು
ಯಾವ ಗಾಡಿಯಲ್ಲಿ, ಯಾವ ತಿರುವಿನಲ್ಲಿ,
ಎಷ್ಟು ಬಿಳಿ ಉಳಿದಿದೆ.