ತಿಳದಷ್ಟು

ಜಾಹೀರಾತು ನಾನ ಬರದಿದ್ದೆ,
ಗೋಕುಲ ರಸ್ತೆಯ ಎರಡನೇ ಮಾಳಿಗ್ಯಾಗ ಕುಂತು:
ಹಿರಿಯ ನೆಟ್‌ವರ್ಕ್ ಎಂಜಿನಿಯರ್ ಬೇಕಾಗ್ಯಾರ.
ಹತ್ತು ವರ್ಷದ ಅನುಭವ. ರೂಟಿಂಗ್, ಸ್ವಿಚಿಂಗ್, ಫೈರ್‌ವಾಲ್
ಕೈಯಾಗಿರಬೇಕು. ಪೈಥಾನ್ ಬಂದ್ರ ಛೊಲೊ.
ಸರ್ಟಿಫಿಕೇಟು ಮೂರು.
"ಒತ್ತಡದಾಗೂ ನಗುಮುಖ" ಅಂತ ಒಂದು ಸಾಲು
ನಿಖಿಲ ಮೆಹರವಾಡೆ ಸೇರಿಸಿದ.
ಸಂಬಳದ ಜಾಗಾದಾಗೂ ಅಂವನ ಬರದ: ಚರ್ಚಿಸಿ ನಿರ್ಧಾರ.
ಖರೇ ಅಂಕಿ ಅವನ ಡೈರಿಯೊಳಗಿತ್ತು,
ಹದಿನಾರರಿಂದ ಇಪ್ಪತ್ನಾಕು ಲಕ್ಷ,
ಪೆನ್ಸಿಲ್ಲಿಲೆ, ಅಳಸಾಕ ಬರೂಹಂಗ.

ಹನ್ನೊಂದು ಮಂದಿ ಬಂದು ಹೋದ್ರು.
ಸರ್ಟಿಫಿಕೇಟಿನ ಹೆಸರು ಒಪ್ಪಿಸಿದ್ರು,
ಮಗ್ಗಿ ಹೇಳಿದಂಗ.
ಹನ್ನೆರಡನೇದಾಕಿ ದ್ರಾಕ್ಷಾಯಣಿ ಹೂಗಾರ,
ಗದಗಿನಿಂದ, ಪರದೆ ಮ್ಯಾಲ.
ಬೆನ್ನ ಹಿಂದ ಒಂದು ಕಬ್ಬಿಣದ ಕಪಾಟು,
ಅದರ ಮ್ಯಾಲ ಸುತ್ತಿಟ್ಟ ಚಾಪಿ.
ಸಹಕಾರಿ ಬ್ಯಾಂಕಿನ ನಲವತ್ತೆರಡು ಶಾಖಾ
ಹದಿಮೂರು ವರ್ಷ ಒಬ್ಬಾಕೆನ ನೋಡ್ಕೊಂಡಾಳ.

ಕೇಳಿದೆ: ಭಾಳ ಕಾಡಿಸಿದ ರಾತ್ರಿ ಯಾವ್ದು?

"ರೋಣದ ಶಾಖಾ ಸರ್. ಸುಣ್ಣಾ ಹಚ್ಚಾಕ ಬಂದಾಂವ
ಜೋತಾಡೋ ವಾಯರು ಚಂದ ಕಾಣವಲ್ದು ಅಂತ
ಅದರ ಎರಡೂ ತುದಿ ಒಂದ ಡಬ್ಬಿಗೆ ಚುಚ್ಚಿ ಹೋಗಿದ್ದ.
ನಾ ಬೆಟಗೇರ್ಯಾಗ. ನಡುರಾತ್ರಿ. ಬಸ್ಸಿಲ್ಲ.
ವಾಚ್‌ಮನ್ನಗ ಫೋನ್ ಹಚ್ಚಿ ಕೇಳಿದೆ,
ಕಾಕಾ, ದೀಪ ಹೆಂಗ ಮಿಣಕ್ತಾವು?
'ಎಲ್ಲಾ ಕೂಡೇನ ಮಿಣಕ್ತಾವ ಯವ್ವಾ,
ಭಜನಿಯೊಳಗ ತಾಳ ಹಾಕಿದಂಗ' ಅಂದ.
ಅಷ್ಟ ಸಾಕಾತು.
ಆರಾಮಿದ್ದ ಜಾಲ ಎಂದೂ ತಾಳಕ್ಕ ಮಿಣಕೂದಿಲ್ಲ ಸರ್.
ಸಂತ್ಯಾಗಿನ ಮಂದಿ ಹಂಗ,
ಯಾರ ಮಾತು ಅವರ್ದು."

ಪೆನ್ನು ಕೆಳಗಿಟ್ಟೆ.
ಇದಕ್ಕ ಯಾವ ಕಾಲಮ್ಮಿನ್ಯಾಗ ಟಿಕ್ ಹಾಕ್ಲಿ?

ನಿಖಿಲ ಗಂಟಲ ಸರಿ ಮಾಡ್ಕೊಂಡ:
ಮೇಡಂ, ನಿಮ್ಮ ಅಪೇಕ್ಷಾ ಎಷ್ಟು?

ಇಷ್ಟೊತ್ತಿನ ದನಿ ಒಮ್ಮೆಲೆ ಸಣ್ಣದಾತು.
"ಏನ್ ಹೇಳ್ಲಿ ಸರ್, ನೀವ ತಿಳದಷ್ಟು ಕೊ..."

ನನ್ನ ಕೈ ಮೇಜಿನ ಕೆಳಗ ಹೋತು.
ನೀಲಿ ವಾಯರಿನ ಕಿವಿ ಹಿಂಡಿ ಜಗ್ಗಿದೆ.
ಪರದೆ ಮ್ಯಾಲ ಆಕಿ ಬಾಯಿ
"ಕೊ" ಅನ್ನೂದರಾಗ ನಿಂತಬಿಡ್ತು.

"ನೆಟ್ ಹೋತೇನ್ರಿ?" ನಿಖಿಲ ನಕ್ಕ,
"ಬಡಿಗ್ಯಾನ ಮನ್ಯಾಗ ಕುಂಡ್ರಾಕ ಮಣಿ ಇಲ್ಲ!"

ಆ ಮಾತು ನನಗ ಗೊತ್ತು.
ಮದವಿ ಮನಿ ಬಾಗಲಾಗ ಮಾಲಿ ಬುಟ್ಟಿ ಇಳಿಸಿ ಅಂತಾರ,
ಪೂಜಾ ಮುಗದ ಮ್ಯಾಲ ಅಂತಾರ.
ಕೊಡಾಂವಗ ನಾಚಿಕಿ ಇದ್ದಲ್ಲಿ ನಡಿಯೂ ಮಾತು.
ಎರಡುಸಾವಿರದ ಎಂಟರಾಗ
ಇದ ಮೇಜಿನ ಆ ಕಡೆ ಕುಂತು ನಾನೂ ಅಂದಿದ್ದೆ.
ಅವರು ತಿಳದಷ್ಟು ಕೊಟ್ರು.
ಅವರಿಗೆ ತಿಳದದ್ದು ಭಾಳ ಕಮ್ಮಿ ಇತ್ತು.

ವಾಯರು ತಿರುಗಿ ಚುಚ್ಚಿದೆ. ಕಿವಿ ಮುರದಿತ್ತು,
ಮುಗಿಯೂತನಕ ಬೆರಳಿಲೆ ಒತ್ತಿ ಹಿಡದು ಕುಂತೆ.
"ದನಿ ಕಡೀತು, ಅಂಕಿ ಕೇಳಲಿಲ್ಲ.
ಇನ್ನೊಮ್ಮೆ ಹೇಳ್ರಿ. ಅವಸರಿಲ್ಲ."

ಆಕಿ ಪರದೆಯ ಮೂಲ್ಯಾಗ ಏನೋ ನೋಡಿದ್ಲು.
"ನನ್ನ ಕಡೆ ಒಂದೂ ಪ್ಯಾಕೆಟ್ ಬಿದ್ದಿಲ್ಲ ಸರ್.
ಬಿಚ್ಚಿದ್ದು ನಿಮ್ಮ ಕಡೇನ."
ಆಮ್ಯಾಲ, ನನ್ನ ಮಾರಿ ನೋಡಿಕೋತ:
"ಇಪ್ಪತ್ತೆರಡು ಲಕ್ಷ.
ನಡುರಾತ್ರಿ ಕರದ್ರ ಬರ್ತೀನಿ. ಅದರ ಲೆಕ್ಕ ಬ್ಯಾರೆ."

ನಿಖಿಲ ಪೆನ್ಸಿಲ್ಲಿನ ಹಿಂದಿನ ರಬ್ಬರು ಕಡದ.

ಸಂಜಿಮುಂದ ಮೇಜಿನ ಕೆಳಗ ಚಕ್ಕಳಮಕ್ಕಳ ಕುಂತು
ವಾಯರಿಗೆ ಹೊಸಾ ತುದಿ ಕಟ್ಟಿದೆ.
ಬಿಳಿಕಿತ್ತಳಿ, ಕಿತ್ತಳಿ, ಬಿಳಿಹಸರು, ನೀಲಿ,
ಹದಿನೇಳು ವರ್ಷ ಕಣ್ಣು ಮುಚ್ಚಿ ಕಟ್ಟಿದ ಸಾಲು.
ನನ್ನ ಪಗಾರ ಹತ್ತೊಂಬತ್ತು.
ಮೂರು ಲಕ್ಷ ಅಂದ್ರ ತಿಂಗಳಿಗೆ ಇಪ್ಪತ್ತೈದು ಸಾವಿರ,
ದಿನಕ್ಕ...
ಟೆಸ್ಟರ್ ಹಚ್ಚಿ ನೋಡಿದೆ.
ನಾಕನೇ ದೀಪ ಹತ್ತಬೇಕಾದಲ್ಲಿ ಆರನೇದು ಹತ್ತಿತು.
ನೀಲಿ ಜಾಗಾದಾಗ ಹಸರು.

ಬಾಗಲಾಗ ನಿಂತು ನಿಖಿಲ ಕೇಳಿದ,
ಮನಿಗೆ ಬರೂದಿಲ್ಲೇನ್ರಿ?

ತುದಿ ಕತ್ತರಿಸಿ ಒಗದು
ಮತ್ತ ಎಳಿ ಬಿಡಿಸಾಕ ಹತ್ತಿದೆ.