ನಡುಮನಿ

ನನ್ನ ಹೆಸರು ಸುಲೋಚನಾ.
ನಗರಿ, ನಾನೂ ನಕ್ಕೇನಿ.
ಬಾಗಲಕೋಟಿ ದವಾಖಾನ್ಯಾಗ ನರ್ಸ್ ಹುಡುಗಿ
ಚೀಟಿಮ್ಯಾಲಿನ ಹೆಸರು ಓದಿ ಸುಮ್ಮನಾದಾಗ
ಮೊದಲು ನಕ್ಕಾಕಿ ನಾನ.

ಕತ್ತಲಿ ಅಲ್ಲ ನಂದು. ಎಲ್ಲಾರೂ ಕತ್ತಲಿ ಅಂತ ತಿಳಿದಾರ.
ನಮ್ಮ ಗುಳೇದಗುಡ್ಡದ ಖಣ ನೋಡೀರಲ್ಲ,
ಅದರ ಅಂಚಷ್ಟ ಉಳದೈತಿ ನನಗ:
ಬಾಗಿಲ ಚೌಕಟ್ಟು, ತಾಟಿನ ದಂಡಿ, ನಿಮ್ಮ ಕಿವಿ.
ನಡುವ ಯಾರೋ ಹಾಲು ಚೆಲ್ಯಾರ.
ಮಾರಿ ನೋಡಬೇಕಂದ್ರ ಮಾರಿ ಬಿಟ್ಟು ಆಚಿಕಡೆ ನೋಡಬೇಕು,
ಜನ ಸೊಕ್ಕ ಅಂತಾರ.

ಇಪ್ಪತ್ತೆಂಟು ವರ್ಷ ಕುಪ್ಪಸ ಹೊಲದಾಕಿ.
ಮಿಷನ್ ಮಾರಿದೆ. ಕತ್ರಿ ಇಟ್ಕೊಂಡೆ,
ಯಾಕ ಅಂತ ಕೇಳಬ್ಯಾಡ್ರಿ.
ಗುಂಡಿ ಡಬ್ಬಿನೂ ಇಟ್ಕೊಂಡೆ.

ಹೋದ ಆಷಾಢದಾಗ,
ಸೂಜಿಯ ಕಣ್ಣು ನಾಲಿಗಿ ತುದೀಲೆ ಹುಡುಕಿ
ಎರಡು ದಿನ ಬೈದು ಬೈದು ದಾರ ಪೋಣಿಸಿ,
ಉಳಿದ ಖಣದ ತುಂಡಿನ ಮ್ಯಾಲ ಗೀಟು ಹೊಲದೆ.
ಅಡ್ಡ ಐದು ಉದ್ದ ಐದು, ಇಪ್ಪತ್ತೈದು ಮನಿ.
ಕಟ್ಟಿಮನಿಗೆ ದಪ್ಪ ಸರಪಳಿ ಹೊಲಿಗಿ,
ನಡುಮನಿಗೆ ಒಂದು ಹುಕ್ಕು,
ಬಂದು ಮುಟ್ಟಿದ್ರ ಬೆರಳಿಗೆ ಗೊತ್ತಾಗೂವಂಗ.

ಚೌಕಾಬಾರಾ.
ನನ್ನ ಕಾಯಿ ನಾಲ್ಕು ಗುಂಡಿ, ತುಳಜಕ್ಕಂದು ಬಳಿಚೂರು.
ಹುಣಸಿಪಕ್ಕ ನಾನ ಒಡದು ಕಲ್ಲಿಗೆ ತಿಕ್ಕಿದ್ದು:
ತಿಕ್ಕಿದ ಬಗಲು ಒರಟು, ತೊಗಟಿ ಬಗಲು ನುಣುಪು.
ಬಿದ್ದ ಮ್ಯಾಲ ಮೆಲ್ಲಕ ಮುಟ್ಟಿ ಓದತೀನಿ,
ಮಲಗಿದ ಕೂಸಿನ ಹಣಿ ಮುಟ್ಟಿದಂಗ.

ಕರೆಂಟ್ ಹೋತಂದ್ರ
ಓಣ್ಯಾಗಿನ ಮಗ್ಗೆಲ್ಲಾ ಒಮ್ಮಿಗಿಲೇ ಬಾಯಿ ಮುಚ್ಚತಾವು.
ಆ ಸಪ್ಪಳಿಲ್ಲದ ಗಳಿಗ್ಯಾಗ
ತುಳಜಕ್ಕನ ಎಡಗಾಲಿನ ಚಪ್ಪಲಿ ಮೊದಲು ಬರತೈತಿ,
ಆಮ್ಯಾಲ ಮಗ್ಗದ ಎಣ್ಣಿ ವಾಸನಿ, ಆಮ್ಯಾಲ ಆಕಿ.

ಹನ್ನೊಂದು ಆಟ ಸಾಲಾಗಿ ಗೆದ್ದೆ.
ಹಾಲಿನವನ ಮುಂದ ಹೇಳಿದೆ, ಅಂವ ಕೇಳದಿದ್ರೂ ಹೇಳಿದೆ.
ಹನ್ನೆರಡನೇದಕ್ಕ
"ಎರಡು" ಅಂದ್ಲು ಆಕಿ, ಪಕ್ಕ ಬಳಕೊಳ್ಳಾಕ ಕೈ ಚಾಚಿದ್ಲು.
ನನ್ನ ಕೈ ಮೊದಲು ಮುಟ್ಟಿತ್ತು.
ಒರಟು, ಒರಟು, ಒರಟು, ನುಣುಪು.
ಮೂರು.
ಮೂರಕ್ಕ ನನ್ನ ಗುಂಡಿ ಸಾಯಬೇಕಿತ್ತು.

"ಎಷ್ಟು ದಿನದಿಂದ, ತುಳಜಕ್ಕ?"
ಕರೆಂಟ್ ಬಂತು. ಮಗ್ಗ ಶುರುವಾದ್ವು.
ಆಕಿ ಏಳಲಿಲ್ಲ.
"ನೀ ಗೆದ್ರ ನಗತಿ. ಅದನ್ನ ನೋಡಾಕ."

ಖಣ ಮಡಚಿದೆ. ಗುಂಡಿ ಡಬ್ಬ್ಯಾಗ ಹಾಕಿದೆ.
"ಹೋಗು, ಕಂಡಿಕಿ ಸುತ್ತು ಹೋಗು" ಅಂದೆ.

ಒಂಬತ್ತು ದಿನ.
ಕರೆಂಟ್ ಹೋಗತಿತ್ತು, ಬರತಿತ್ತು.
ನಾನ ಎಡಗೈ, ನಾನ ಬಲಗೈ, ಇಬ್ಬರ ನಡುವ ಆಟ ಹೂಡಿದೆ.
ಎಡಗೈನೂ ಸೋತು ಕೊಡಾಕ ಹತ್ತಿತು,
ಪಾಪ ಅಂತ.

ಹತ್ತನೇ ದಿನ ಎಡಗಾಲಿನ ಚಪ್ಪಲಿ.
ಮಾತಿಲ್ಲ. ಕೂತ್ಲು. ಖಣ ಹಾಸಿದೆ.
ನನ್ನ ಮೂರು ಗುಂಡಿ ಹಣ್ಣಾಗಿ ಕೂತಿದ್ವು,
ನಾಲ್ಕನೇದು ನಡುಮನಿ ಹೊಚ್ಚಲದಾಗ,
ಒಂದ ಒಂದು ಬಿದ್ರ ಸಾಕು.

ಆಕಿ ಪಕ್ಕ ಕುಲಕಿ ಹಾಕಿದ್ಲು.
"ಮುಟ್ಟು" ಅಂದ್ಲು. ಮುಟ್ಟಿದೆ.
ನುಣುಪು, ನುಣುಪು, ನುಣುಪು, ನುಣುಪು.
ಬಾರಾ.
ಬಳಿಚೂರು ಹೊಲಿಗಿ ದಾಟಿ ದಾಟಿ ಬರೂದು ಕೇಳಿದೆ,
ಟಿಕ್ ಅಂತ ಎಂಟು ಸಲ,
ಎಂಟನೇದು ನನ್ನ ಗುಂಡಿ ಮ್ಯಾಲ.

"ಕಡದೆ" ಅಂದ್ಲು ತುಳಜಕ್ಕ.
ಗುಂಡಿ ಎತ್ತಿ ನನ್ನ ಉಡ್ಯಾಗ ಒಗದ್ಲು.
"ಮೊದಲಿಂದ ಬಾ, ಸುಲೋಚನಾ."

ನಮ್ಮಜ್ಜಿ ಬೈಯೂ ಎರಡು ಬೈಗಳ
ಎಷ್ಟೋ ವರ್ಷದ ಮ್ಯಾಲ ನನ್ನ ಬಾಯಾಗ ಬಂದ್ವು.
ಆಕಿ ನಕ್ಕದ್ದಕ್ಕ ಬಳಿ ಅಲುಗಿದ್ವು.
ನಾನು ಮಾರಿ ಹೊಳ್ಳಿಸಿ ಬಾಗಿಲ ಕಡೆ ನೋಡಿದೆ,
ಆಕಿ ಮಾರಿ ಸ್ವಲ್ಪ ಕಾಣಲಿ ಅಂತ.

ಹೊರಗ ಮಗ್ಗ ಶುರುವಾದ್ವು.
ಬಾರಾ ಬಿದ್ದಾಕಿಗೆ ಇನ್ನೊಂದು ಪಾಳಿ.
ಹಾಕು, ನಿಂದ ಐತಿ, ಅಂದೆ.