ಓತಿಕ್ಯಾತನ ಹೂಂ

ಬಳ್ಳಾರಿ ಮುಗಿದು ಸಂಡೂರು ರಸ್ತೆ ಶುರುವಾಗುವಲ್ಲಿ
ನಮ್ಮ ಜೀನ್ಸ್ ಹೊಲಿಯುವ ಶೆಡ್ಡು.
ನನ್ನ ಕೆಲಸ, ದಾರ ಕತ್ತರಿಸುವುದು.
ಹಿತ್ತಲ ಬಾಗಿಲಲ್ಲಿ ಬುತ್ತಿ ಬಿಚ್ಚಿ ಕೂತಾಗ
ಕಂಡದ್ದು ಇದು. ಕಂಡದ್ದೆಷ್ಟು, ಕಟ್ಟಿದ್ದೆಷ್ಟು,
ಕತ್ತರಿಗೂ ಗೊತ್ತಿಲ್ಲ.

ರಾತ್ರಿ ಮಳೆಗೆ ಇರುವೆಗಳ ಕಣಜ ನೆನೆದಿತ್ತು.
ಕಾಳು ಮೊಳಕೆ ಒಡೆದರೆ ಮನೆಯೇ ಒಡೆದೀತೆಂದು
ಹಿರಿಯಾಕೆ ಹುಲಿಗೆವ್ವ ಸಾಲು ಕಟ್ಟಿಸಿ
ನವಣೆ ಹೊರಿಸಿ ತಂದು ಬಿಸಿಲಿಗೆ ಹರವಿದ್ದಳು.
ಆಗ ಬಂತು ಅದಿರಿನ ಲಾರಿ.
ರಸ್ತೆಯ ಉಬ್ಬಿಗೆ ಕುಪ್ಪಳಿಸಿತು,
ತಾಡಪಾಲು ಬಾಯಿ ಬಿಟ್ಟಿತು,
ಕರಿದು ಕೆಂಪು ಬೆರೆತ ಪುಡಿಯ ಕಂಬಳಿ
ನವಣೆಗೆ ಹೊದಿಸಿ
ಹಾರ್ನು ಹೊಡೆದು ಹೋಯಿತು.

ಹುಲಿಗೆವ್ವ ಒಂದು ಕಾಳು ನೆಕ್ಕಿ ಉಗಿದಳು:
"ಮೊಳೆ ತಿಂದಂಗೈತಿ."
ಕುಡತಿನಿ ಕಡೆ ಮತ್ತೆ ಮೋಡ.
ಒಂದೊಂದೇ ಒರೆಸುತ್ತ ಕೂತರೆ ದೀಪಾವಳಿ ಆದೀತು.

ಗಟಾರದ ಕಪ್ಪೆ ಅಂದಳು: "ನೀರಿಗೆ ಹಾಕಿ ತೊಳಕೊಳ್ರಿ."
"ನೀರಿಂದ ಉಳಿಸಾಕ ಹೊರಗ ತಂದೀವಿ ತಾಯಿ,
ಅದೂ ನಿನ್ನ ನೀಲಿ ನೀರು!"
ಗೋಡೆ ಮೇಲಿನ ಓತಿಕ್ಯಾತ ತಲೆಯಾಡಿಸಿದ.
ಕಪ್ಪೆ ಹೇಳಿದಾಗಲೂ ಹೂಂ,
ಇರುವೆ ಬೈದಾಗಲೂ ಹೂಂ.
"ಇವನ ಹೂಂ ಸಂತೆಯಾಗ ಪುಕ್ಕಟೆ" ಅಂದರು.
ಅದಕ್ಕೂ ಹೂಂ.

ಸುಂಡಿಲಿ ಗುಜರಿ ರಾಶಿಗೆ ಮೂಗು ತೂರಿಸಿ
ಒಡೆದ ಇಯರ್‌ಫೋನಿನ ಅಯಸ್ಕಾಂತ ತಂದಳು,
ಅಲಸಂದಿ ಕಾಳಿನಷ್ಟು.
"ಹಂಗೇ ಇಟ್ಟರೆ ಅಂಟಿದ್ದು ಬಿಡಂಗಿಲ್ಲ" ಎಂದು
ಚಾಕಲೇಟಿನ ಕಾಗದ ಸುತ್ತಿ ಸವರಿದಳು.
ಕರಿ ಪುಡಿಗೆ ಮೈ ಜುಮ್ಮೆಂದು
ಮುಳ್ಳುಹಂದಿಯಾಗಿ ಎದ್ದು ಬಂತು;
ದೂರ ಒಯ್ದು ಕಾಗದ ಬಿಚ್ಚಿದರೆ ಉದುರಿತು.
ಇಪ್ಪತ್ತು ಸಲ ಓಡಾಟ, ಕರಿದು ಖಾಲಿ.
ಕೆಂಪು ಮಾತ್ರ ಕೂತಲ್ಲೇ ಕೂತಿತ್ತು.
"ಕಬ್ಬಿಣ ಎಲ್ಲಾ ಒಂದೇ ಕುಲ ಅಂದ್ಕೊಂಡಿದ್ದೆ.
ಕರಿದು ಕರೆದರ ಓ ಅಂತೈತಿ,
ಕೆಂಪಿಗೆ ಕಿವುಡು."

ಅಷ್ಟರಲ್ಲಿ ಹಿಂಗಾಲಲ್ಲಿ ಉಂಡೆ ತಳ್ಳುತ್ತ,
ಲೋಕವನ್ನೆಲ್ಲ ತಲೆಕೆಳಗಾಗಿ ನೋಡುತ್ತ,
ಸಗಣಿಹುಳ ದುರುಗಪ್ಪ ಬಂದ.
ನಾವು ಎಸೆದ ಪ್ಯಾಂಟಿನ ಕಾಲು
ಕಲ್ಲಿಗೆ ಒರಗಿ ಬಿದ್ದಿತ್ತು. ಹತ್ತಿದ, ಜಾರಿದ.
ಉಂಡೆ ಉರುಳಿ ಕೆಳಗೆ;
ಉಂಡೆಗಂಟಿದ ಕೆಂಪು, ನೇಯ್ಗೆಯಲ್ಲೇ.
ದುರುಗಪ್ಪ ಉಂಡೆ ಬಿಟ್ಟು ಬಟ್ಟೆ ನೋಡಿದ,
ಬಹಳ ಹೊತ್ತು ನೋಡಿದ.
"ಹುಟ್ಟಿದಾಗಿಂದ ಉರುಳಿಸಿ ಉಂಡವ ನಾನು.
ದುಂಡಗಿನದು ಇಳಿಜಾರಿನ ಮಾತು ಕೇಳತೈತಿ.
ಪುಡಿಗೆ ಒರಟು ಬಟ್ಟೆಯೇ ತವರು."

ಮೇಲಿಂದ ನವಣೆ ಸುರಿದರು. ಒಂದೂ ಉರುಳಲಿಲ್ಲ.
ಬಟ್ಟೆಯಡಿ ಇನ್ನೊಂದು ಕಲ್ಲು ನೂಕಿದರು,
ಕಾಳು ಪುಡಿ ಕೈಹಿಡಿದು ಒಟ್ಟಿಗೇ ಜಾರಿದವು.
"ಎರಡರ ನಡುವೆ ಎಲ್ಲೋ ಐತಿ."
ನಡುವೆ ಇಟ್ಟರೆ ನಾಲ್ಕು ಕಾಳು ಇಳಿದು
ಉಳಿದವು ಮುನಿಸಿಕೊಂಡು ನಿಂತವು.
"ಯಾರಾರ ಅಲ್ಲಾಡಿಸಬೇಕು. ಜೋರಾಗಿ ಅಲ್ಲ.
ನಿಲ್ಲಸದಂಗ."

ಎಲ್ಲರೂ ಗೋಡೆ ನೋಡಿದರು.

ಓತಿಕ್ಯಾತ ಇಳಿದು ಬಂದ.
ಯಾರಿಗೂ ಏನೂ ಕೇಳದೆ ಬಟ್ಟೆಯಡಿ ತೂರಿದ.
ಹೂಂ. ಹೂಂ. ಹೂಂ.
ನೀಲಿ ಬಟ್ಟೆಗೆ ಉಸಿರು ಬಂದಂತೆ,
ಕಾಳು ಕಾಳಿಗೆ ದಾರಿ ಬಿಟ್ಟು
ಚಿಕ್ಕ ಚಿಕ್ಕ ಚಂದ್ರರು
ಹುಲಿಗೆವ್ವನ ಕಾಲಬಳಿ ಬಂದು ನಿಂತರು.

ಮೊದಲ ಹನಿ ಬಿದ್ದಾಗ ಕಾಲುಪಾಲು ಉಳಿದಿತ್ತು.
"ಪೂರಾ ಹಸನಾಗಲಿಲ್ಲ" ಅಂದಳು ಹುಲಿಗೆವ್ವ.
"ತಿನ್ರಿ ತಿನ್ರಿ, ದವಾಖಾನಿಯಾಗ ಕಬ್ಬಿಣದ ಗುಳಿಗಿ
ರೊಕ್ಕ ಇಲ್ಲದ ಕೊಡ್ತಾರ" ಅಂದಳು ಕಪ್ಪೆ.
ದುರುಗಪ್ಪನ ಉಂಡೆ ಗಡಿಬಿಡಿಯಲ್ಲಿ ಗಟಾರ ಸೇರಿತ್ತು.
ಎಮ್ಮೆ ಇರೋತನಕ ಬಡತನ ಇಲ್ಲ ಎಂದು
ಬರಿಗಾಲಲ್ಲಿ ಹೊರಟ.

ಒಳಗಿಂದ ನಾಗೋಜಿ ಕೂಗಿದ:
"ಮಾಬುನ್ನಿ, ಊಟ ಮುಗೀತೋ ಇಲ್ಲೋ?"
ಮಡಿಲ ದಾರ ಕೊಡವಿ ಎದ್ದೆ.
ಓತಿಕ್ಯಾತ ಗೋಡೆಗೆ ಮರಳಿದ್ದ, ಬೆನ್ನ ಮೇಲೆ
ಕೆಂಪು ಪುಡಿಯ ಗೆರೆ.
"ಮನಿಗೆ ಹೋಗಿ ಮಕ್ಕಳಿಗೆ ಹೇಳ್ತೀನಿ.
ಇದೆಲ್ಲಾ ಖರೇ ಅಲ್ಲೇನೋ?" ಅಂದೆ.

ಲಾರಿ ಬಂದ ದಾರಿ ನೋಡಿದ, ನನ್ನ ನೋಡಿದ,
ತಲೆಯಾಡಿಸಿದ.